ಮೂರನೆಯ ರೊಟ್ಟಿ

ಗ್ಯಾಸ್ ಕೊಳವೆಗಳಿಗೆ ಬೀಗ ಬಿದ್ದ ಮೇಲೆ ಹಿಮದ ದೇಶಗಳು ನಮ್ಮ ಶಹಾಬಾದಿನ ಫರಸಿಕಲ್ಲಿನಿಂದಲೇ ಮನೆ ಬೆಚ್ಚಗಿಟ್ಟುಕೊಳ್ಳುತ್ತಿದ್ದವು. ಒಂದು ಕಾಲಕ್ಕೆ ನಾವೇ ಬೈಯುತ್ತಿದ್ದ ಬಿಸಿಲನ್ನು ನಲವತ್ತು ದಿನ ಕುಡಿದ ಕಲ್ಲು, ಅವರ ಚಳಿಗಾಲ ಮುಗಿಯುವ ತನಕ ತಣ್ಣಗಾಗುವುದಿಲ್ಲ.

ಕಲ್ಲು ಪರೀಕ್ಷಿಸಿ ಮುದ್ರೆ ಒತ್ತುವವಳು ಚಂದಮ್ಮ. ಅವತ್ತು ಮಂಗಳೂರಿನಿಂದ ಹಡಗು ಕಂಪನಿಯ ಏಜೆಂಟ್ ಸದಾನಂದ ಬಂದಿದ್ದ. ಕಲ್ಲಿಗೆ ಶಾಖ ಅಳೆಯುವ ಮೀಟರ್ ಹಿಡಿದು ತೋರಿಸಿದ.

"ನೋಡಿ ಅಕ್ಕ, ಸರಿಯಾಗಿಯೇ ಉಂಟು. ಮುದ್ರೆ ಒತ್ತಿ. ಹಡಗು ನಾಳೆ ಹೊರಡ್ಲಿಕ್ಕುಂಟು."

ಚಂದಮ್ಮ ಜೋಳದ ರೊಟ್ಟಿ ಬಡಿದು ಕಲ್ಲಿನ ಮೇಲೆ ಹಾಕಿದಳು. ಉಬ್ಬಿತು. ಅದೇ ಜಾಗದಲ್ಲಿ ಎರಡನೆಯದನ್ನು ಹಾಕಿದಳು. ಅದೂ ಉಬ್ಬಿತು. ಮೂರನೆಯದು ಚಪ್ಪಟೆಯಾಗಿಯೇ ಉಳಿಯಿತು.

"ಮ್ಯಾಲಷ್ಟೇ ಕಾದದರೀ. ಒಳಗ ಕಾದಿಲ್ಲ. ಇನ್ನ ಎಂಟು ದಿನ ಬಿಸಿಲಾಗ ಬಿದ್ದಿರಲಿ."

"ಅಲ್ಲಿಯವರಿಗೆ ನಿಮ್ಮ ರೊಟ್ಟಿ ಗೊತ್ತುಂಟಾ? ಅವರಿಗೆ ಮೀಟರ್ ಸಾಕು."

"ನಡು ಚಳಿಗಾಲದಾಗ ಇದು ತಣ್ಣಗಾದ್ರ ಆ ಮನಿ ಕೂಸುಗೋಳು ಏನ್ ಮಾಡಬೇಕ್ರೀ? ನಾ ಮುದ್ರಿ ಒತ್ತಂಗಿಲ್ಲ."

ಸದಾನಂದ ಸಿಟ್ಟಿನಿಂದ, ಕಲ್ಲು ಕೊಳ್ಳುವ ದೇಶದ ಕಚೇರಿಗೇ ಫೋನ್ ಮಾಡಿ, ಮೀಟರಿನ ಅಂಕಿಯನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದ. ಆ ಕಡೆಯ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದಳು. ಸದಾನಂದ ಫೋನನ್ನು ಚಂದಮ್ಮನ ಕಿವಿಗೆ ಹಿಡಿದ.

ಅಷ್ಟು ದೂರದ ಹಿಮದಿಂದ ಆ ದನಿ, ತೊದಲುವ ಕನ್ನಡದಲ್ಲಿ, ಅದನ್ನೇ ಮತ್ತೆ ಕೇಳಿತು:

"ಮೂರನೇ ರೊಟ್ಟಿ ಉಬ್ಬಿತಾ?"