ಝೆಡ್ ಡ್ರೈವಿನ ಕಳ್ಳ

"ಮೇಡಂ, ಯಾರೋ ಸರ್ವರಿಗೆ ಕೈ ಹಚ್ಯಾರ!"

ಮಾರೇಶ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಪರದೆಯ ಮೇಲೆ ಬೆಳಿಗ್ಗೆಯಿಂದ ಅದೇ ಕೆಂಪು ಸಾಲು: ಸೊಂಟದ ಅಳತೆಯ ಭಾಗ ಸಿಗುತ್ತಿಲ್ಲ. ಸಿಗದೆ ಏನು? ಅವನೇ ಬರೆದು, ಸರ್ವರಿನ ಝೆಡ್ ಡ್ರೈವಿನಲ್ಲಿ ಸೇವ್ ಮಾಡಿದ್ದ. ತೆರೆದು ನೋಡಿದರೆ ಕಣ್ಣೆದುರೇ ಇದೆ. ಕೋಡನ್ನು ಓಡುವಂತೆ ಕಟ್ಟಿಕೊಡುವ ಕಂಪೈಲರ್ ಮಾತ್ರ ಹಳೆಯದನ್ನೇ ಹಿಡಿದುಕೊಂಡು ಇಲ್ಲ ಎನ್ನುತ್ತಿತ್ತು.

ಪಾರ್ವತಿನಗರದ ಆ ಪುಟ್ಟ ಆಫೀಸಿನಲ್ಲಿ ಜೀನ್ಸ್ ಹೊಲಿಯುವವರಿಗೆ ಬಟ್ಟೆ ಕತ್ತರಿಸುವ ಸಾಫ್ಟ್‌ವೇರ್ ತಯಾರಾಗುತ್ತಿತ್ತು. ಸಂಜೆ ಗಿರಾಕಿ ನೋಡಲು ಬರುವವನಿದ್ದ.

"ಬೆಳಗಿಂದ ಹುಡುಕಿ ಈಗ ಗೊತ್ತಾತೇನು?" ಎಂದರು ಮಾಲಕಿ ದುರ್ಗಾದೇವಿ.

"ನನ್ನ ಬುದ್ಧಿ ನಾ ದಿನಾ ಬರೋ ಕುರುಗೋಡು ಬಸ್ ಇದ್ದಂಗ, ಮೇಡಂ. ತಡ ಆದ್ರೂ ಬರತೈತಿ."

"ಬುದ್ಧಿ ತಡ ಆಗ್ಲಿ ಬಿಡು. ಈ ವಾರ ನೀನಂತೂ ಒಂದಿನಾನೂ ತಡ ಆಗಿಲ್ಲ."

ದುರ್ಗಾದೇವಿ ಬರುವುದು ಎಲ್ಲರಿಗಿಂತ ಕೊನೆಗೆ. ಅವರ ನಂಬಿಕೆಯೆಲ್ಲ ಬಾಗಿಲ ಬಳಿಯ ಹೆಬ್ಬೆಟ್ಟಿನ ಹಾಜರಿ ಯಂತ್ರದ ಮೇಲೆ. ಮಾರೇಶ ವಿನಯದಿಂದ ನೆಲ ನೋಡಿದ.

ಸರ್ವರಿನ ಪಾಸ್‌ವರ್ಡು ಗೊತ್ತಿದ್ದದ್ದು ಇಬ್ಬರಿಗೇ, ಅವನಿಗೆ ಮತ್ತು ಜೊತೆಗೆ ಕೋಡ್ ಬರೆಯುವ ನಯಾಜ್‌ಗೆ. ಒಬ್ಬ ತಾನಾದ ಮೇಲೆ ಕಳ್ಳ ಇನ್ನೊಬ್ಬನೇ. ಇಷ್ಟು ಸಲೀಸಾದ ಲೆಕ್ಕ ಮಾರೇಶನ ಯಾವ ಕೋಡಿನಲ್ಲೂ ಬಂದಿರಲಿಲ್ಲ. ಸಾಕ್ಷಿಯೂ ಇತ್ತು. ಇವನು ತಿದ್ದಿದ ಕೂಡಲೇ ಕಂಪೈಲ್ ಬಟನ್ ಒತ್ತಿದರೆ ಕೆಂಪು. ನಯಾಜ್ ಆರಾಮಾಗಿ ಊಟ ಮುಗಿಸಿ ಬಂದು, ಅದೇ ಕೋಡನ್ನು ಮತ್ತೊಮ್ಮೆ ಸೇವ್ ಮಾಡಿ ಒತ್ತಿದರೆ ಹಸಿರು! ಇದನ್ನೆಲ್ಲ ಮೇಡಂ ಮುಂದೆ ಹೇಳಿ ನಯಾಜ್‌ನತ್ತ ಬೆರಳು ತೋರಿಸಿದ.

"ನಾನ್ಯಾಕ್ ಮಾಡ್ಲಿ, ಮಾರೇಶಣ್ಣ?" ನಯಾಜ್ ಎದ್ದು ನಿಂತ. ಹೋದ ತಿಂಗಳಷ್ಟೇ ಅಸ್ಮಾಳನ್ನು ಮದುವೆಯಾಗಿ ಬಾಡಿಗೆ ಮನೆ ಹಿಡಿದಿದ್ದ. ಈ ಕೆಲಸ ಬಿಟ್ಟರೆ ಬೇರೆ ದಿಕ್ಕಿರಲಿಲ್ಲ.

"ಸರ್ವರ್ ಕೆಡಿಸಿದವರು ಯಾರ ಇರ್ಲಿ, ಇವತ್ತ ಮನಿಗೆ ಕಳಸ್ರಿ, ಮೇಡಂ," ಎಂದ ಮಾರೇಶ. ನ್ಯಾಯಾಧೀಶನ ಗತ್ತು ತನಗೆ ಇಷ್ಟು ಚೆನ್ನಾಗಿ ಒಪ್ಪುತ್ತದೆಂದು ಅವನಿಗೂ ಗೊತ್ತಿರಲಿಲ್ಲ.

"ಆಗ್ಲಿ. ಯಾರ ಇರ್ಲಿ," ಎಂದರು ದುರ್ಗಾದೇವಿ.

ನಯಾಜ್ ಸರ್ವರಿನ ಮುಂದೆ ಕೂತ. ಒಂದೊಂದೇ ಫೈಲಿನ ಸಮಯ ನೋಡುತ್ತ ಹೋದ. ಆಮೇಲೆ ತನ್ನ ಮೊಬೈಲು ತೆಗೆದು ಪರದೆಯ ಪಕ್ಕ ಹಿಡಿದ.

"ಇಲ್ನೋಡ್ರಿ ಮೇಡಂ. ಸರ್ವರಿನ ಗಡಿಯಾರ ಅರ್ಧ ತಾಸು ಹಿಂದೈತಿ. ಅಣ್ಣ ಈಗ ತಿದ್ದಿದ್ರೂ ಝೆಡ್ ಡ್ರೈವ್ ಅದಕ್ಕ ಅರ್ಧ ತಾಸು ಹಿಂದಿನ ಟೈಮ್ ಹಾಕತೈತಿ. ಕಂಪೈಲರ್ ಅದನ್ನ ನೋಡಿ, ಇದು ಹಳೇದು, ಮುಂಚೆ ಮಾಡಿದ್ದ ಸಾಕು ಅಂತ ಬಿಟ್ಟಬಿಡತೈತಿ. ಊಟ ಮುಗಿಸೋದ್ರಾಗ ಆ ಅರ್ಧ ತಾಸು ದಾಟಿರತೈತಿ, ಆಗ ಸೇವ್ ಮಾಡಿದ್ರ ಸರಿಹೋಗತೈತಿ."

"ತಾನಾಗೇ ಹಿಂದ ಬಿತ್ತೇನು?" ಎಂದರು ದುರ್ಗಾದೇವಿ.

"ಇಲ್ರಿ. ಸೋಮವಾರ ಯಾರೋ ಕೈಯಾರೆ ತಿರುವ್ಯಾರ, ಸರ್ವರಿನ ದಾಖಲೆಯೊಳಗೈತಿ."

ಮಾರೇಶ ಮೆಲ್ಲಗೆ ಮತ್ತೆ ಕುರ್ಚಿಯಲ್ಲಿ ಕೂತ. ಥೂ, ಗಡಿಯಾರಕ್ಕೂ ಕೋಡಿಗೂ ಇಂಥ ನೆಂಟಸ್ತಿಕೆ ಇದೆಯೆಂದು ಯಾರಾದರೂ ಮೊದಲೇ ಹೇಳಬಾರದೆ?

ದುರ್ಗಾದೇವಿ ಬಾಗಿಲ ಕಡೆ ತಿರುಗಿದರು. "ನಯಾಜ್, ಆ ಹೆಬ್ಬೆಟ್ಟಿನ ಮಷಿನ್ ಟೈಮ್ ಎಲ್ಲಿಂದ ತಗೋತೈತಿ?"

"ಈ ಸರ್ವರಿಂದಾನೇ, ಮೇಡಂ."

ಕುರುಗೋಡು ಬಸ್ಸು ಈ ವಾರವೂ ದಿನಾ ತಡವಾಗಿಯೇ ಬಂದಿತ್ತು. ಸರಿಯಾದ ಹೊತ್ತಿಗೆ ಬಂದದ್ದು ಮಾರೇಶನ ಹೆಬ್ಬೆಟ್ಟು ಮಾತ್ರ.