ತನ್ನದೇ ಗೋಧಿಯ ಚಪಾತಿ

ಆಗಷ್ಟೇ ಬೀಸಿದ ಗೋಧಿಹಿಟ್ಟಿನ ಬೆಚ್ಚನೆಯ ವಾಸನೆಗೆ ಇಂಡಿಯಾದಿಂದ ದೂರದ ರೌಸ್ ಹಿಲ್‌ನ ನಮ್ಮ ಅಡುಗೆಮನೆಯ ಒಂದು ಮಧ್ಯಾಹ್ನ ಇಂದಿಗೂ ನೆನಪಾಗುತ್ತದೆ. ಗೋಧಿ ರಫ್ತು ಕಂಪನಿಯಲ್ಲಿ ಅಮ್ಮ ಕಾಳು ಪರೀಕ್ಷಿಸುತ್ತಿದ್ದಳು. ಅಂದು ಊಟಕ್ಕೆ ಬಂದಿದ್ದ ರೈತ ಕಾಲಿನ್ ಅಂಕಲ್, ಜೊತೆಗೊಂದು ಚೀಲ ಗೋಧಿ ತಂದಿದ್ದರು. ಅವರ ಜೊತೆ ಬಂದಿದ್ದ ಮಗಳೊಡನೆ ಅವರ ವಾದ ನಿಲ್ಲಲೇ ಇಲ್ಲ.

“ಗೋಧಿ ಬೋರ್ಡೇ ಎಲ್ಲರ ಬೆಳೆ ಕೊಂಡು ಮಾರ್ತಿದ್ದಾಗ ಎಲ್ಲರಿಗೂ ಒಂದೇ ರೇಟ್ ಸಿಗ್ತಿತ್ತು.”

“ಎಲ್ಲರದ್ದೂ ಒಂದೇ ರಾಶಿಗೆ ಸುರೀತಿದ್ರು, ಡ್ಯಾಡ್. ಈಗ ನಮ್ಮದನ್ನ ನಾವೇ ಇಂಡಿಯಾಗೆ ಮಾರಬಹುದು.”

ಅಮ್ಮ ಆ ಗೋಧಿಯನ್ನೇ ಮನೆಯ ಪುಟ್ಟ ಗಿರಣಿಯಲ್ಲಿ ಬೀಸಿ, ಉಬ್ಬಿದ ಚಪಾತಿಯೊಂದನ್ನು ಅಂಕಲ್ ತಟ್ಟೆಗೆ ಹಾಕಿದಳು. “ಮೊದಲು ತಿನ್ನಿ, ಆಮೇಲೆ ಜಗಳ ಆಡಿ.”

ಅಂಕಲ್ ನಿಧಾನವಾಗಿ ಅಗಿದರು. “ನಲವತ್ತು ವರ್ಷದಿಂದ ಬೆಳೀತಿದ್ದೀನಿ. ಇದರ ರುಚಿ ಇವತ್ತೇ ಗೊತ್ತಾಗಿದ್ದು.”

ಅಮ್ಮನ ಪಕ್ಕ ನಾನು ಎದೆಯುಬ್ಬಿಸಿ ನಿಂತೆ. ಅಂಕಲ್ ಉಳಿದರ್ಧವನ್ನು ಮಗಳತ್ತ ಸರಿಸಿದರು.

“ತಿನ್ನು. ನಮ್ಮ ಹೊಲದ್ದು.”