ಎರಡು ತಂತಿಗಳ ಶ್ರುತಿ

ಎನೋಕ ಗಿಟಾರಿನ ಪೆಟ್ಟಿಗೆಯನ್ನು ಹನಾಲೆಯ ಮನೆಯ ಜಗಲಿಯ ಮೇಲೆ ಇಳಿಸಿದವನೇ, ಕುಶಲ ಕೂಡ ಕೇಳದೆ, "ನನ್ನ ಶ್ರುತಿ ಕದ್ದಿದ್ದೀಯಲ್ಲ, ವಾಪಸ್ ಕೊಡು" ಎಂದ.

ಹನಾಲೆ ಮೀನುಬಲೆಯ ಹರಕನ್ನು ಹೊಲಿಯುತ್ತ ಕುಳಿತಿದ್ದ. ಹೊನೊಲುಲುವಿನ ವೈಕೀಕಿ ಕಡಲತೀರದ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ಎನೋಕನ ಪಕ್ಕ ಕೂತು ತಾಳಕ್ಕೆ ಗಿಟಾರು ಬಾರಿಸಿದವನು ಅವನು. ಬ್ಯಾಂಡು ಮುರಿದು ಐದು ವರ್ಷವಾಗಿತ್ತು. ಅಂದಿನಿಂದ ಎನೋಕ ಒಂದು ಸಲವೂ ಈ ಕಡೆಯ ಬಸ್ಸು ಹತ್ತಿರಲಿಲ್ಲ. ಹನಾಲೆಯ ಹೆಂಡತಿ ಲಿಲಿನೋಯೆ ಒಳಗಿನಿಂದ ಇಣುಕಿ, "ಓಹೋ, ಎನೋಕಣ್ಣ! ನೀನು ದಾರಿ ತಪ್ಪಿದ್ಯಾ, ಇಲ್ಲ ಬಸ್ಸೇ ದಾರಿ ತಪ್ತಾ?" ಎಂದು ಚುಚ್ಚಿ, ಒಂದು ಬಟ್ಟಲು ಪೋಯಿ ಎಂಬ ಕೆಸುಗಡ್ಡೆಯ ಅಂಬಲಿ, ಒಣಮೀನು ತಂದಿಟ್ಟಳು. ಎನೋಕ ಮುಟ್ಟಲಿಲ್ಲ.

"ಯಾವ ಶ್ರುತಿನೋ ಮಾರಾಯ?" ಎಂದ ಹನಾಲೆ.

"ಯಾವುದು ಅಂತ ಕೇಳ್ತಾನೆ ನೋಡು, ಕಳ್ಳ! ನಂದು. ಆ ಎರಡು ತಂತಿದು."

ಯೌವನದಲ್ಲಿ ಎನೋಕ ಬಂದರಿನ ಡ್ಯಾನ್ಸ್ ಹಾಲಿನ ಕಿಟಕಿಗೆ ಆತುಕೊಂಡು, ಹಡಗಿನಲ್ಲಿ ಬಂದ ಜಾಝ್ ತಂಡದ ಮೂರು ಸ್ಯಾಕ್ಸೋಫೋನುಗಳು ಒಟ್ಟಿಗೆ ನಿಟ್ಟುಸಿರು ಬಿಡುವುದನ್ನು ಕೇಳಿ ಹುಚ್ಚಾಗಿದ್ದ. ತೊಡೆಯ ಮೇಲೆ ಮಲಗಿಸಿದ ಗಿಟಾರಿನಲ್ಲಿ ಉಕ್ಕಿನ ತುಂಡನ್ನು ಒಂದು ಸಲ ಜಾರಿಸಿದರೆ ಆ ಮೂರೂ ಕೂಡಿಯೇ ಹೊರಡಬೇಕು, ಅದು ಅವನ ಹಟ. ಎಂಟು ತಂತಿಗಳಲ್ಲಿ ಆರನ್ನು ಅಪ್ಪ ಕಲಿಸಿದಂತೆಯೇ ಬಿಟ್ಟ. ಉಳಿದೆರಡನ್ನು ವರ್ಷವಿಡೀ ತಿರುಗಿಸಿ, ತಿಣುಕಿ, ಯಾರೂ ಇಡದ ಜಾಗದಲ್ಲಿ ಇಟ್ಟ. "ಹುಂಜದ ಗಂಟಲಲ್ಲಿ ಮುಳ್ಳು ಸಿಕ್ಕ ಹಾಗಿದೆ" ಎಂದ ಅಪ್ಪ. ಹೋಟೆಲಿನ ಜನ ಮಾತ್ರ ಕುಣಿಯುವುದನ್ನು ಬಿಟ್ಟು ನಿಂತು ಕೇಳಿದರು.

ಹೊನೊಲುಲುವಿನ ವಾದಕರು ತಮ್ಮ ಶ್ರುತಿಯನ್ನು ಸುಲಭಕ್ಕೆ ಬಿಟ್ಟುಕೊಡುವವರಲ್ಲ. ಅವರಲ್ಲಿ ಎನೋಕ ಜಿಪುಣಾಗ್ರೇಸರ. ನುಡಿಸುವುದು ಮುಗಿದ ಕೂಡಲೇ ತಿರುಪುಗಳನ್ನೆಲ್ಲ ಸಡಿಲಿಸಿ, ತಂತಿಗಳನ್ನು ಜೋತುಬೀಳಿಸಿಯೇ ಏಳುತ್ತಿದ್ದ. ಧ್ವನಿಮುದ್ರಣಕ್ಕೆ ಕರೆದಾಗಲೂ ಅಪ್ಪನ ಶ್ರುತಿಯಲ್ಲೇ ನುಡಿಸಿ ಬಂದಿದ್ದ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಆ ಎರಡು ತಂತಿಗಳೇ ಅವನ ಸಂಸಾರ. ಕಳೆದ ವರ್ಷ ಒಂದು ಮದುವೆಯಲ್ಲಿ ನುಡಿಸಿ, ಎಂದಿನಂತೆ ತಂತಿ ಸಡಿಲಿಸಿ ಮನೆಗೆ ಬಂದವನಿಗೆ ಮರುದಿನ ಲಕ್ವ ಹೊಡೆಯಿತು. ಕೈ ಮರಳಿತು, ಮಾತು ಮರಳಿತು. ಆ ಎರಡು ಸ್ವರಗಳು ಮಾತ್ರ ಮರಳಲಿಲ್ಲ.

"ಎಂಟು ತಿಂಗಳಿಂದ ಹುಡುಕ್ತಿದೀನಿ. ನೀನು ಕದ್ದೇ ಇರ್ತೀಯ ಅನ್ನೋ ಒಂದೇ ಧೈರ್ಯದಲ್ಲಿ ಬಂದೆ. ಬಯ್ಯಲ್ಲ ಕಣೋ, ಹೇಳು."

"ಕದ್ದಿಲ್ಲ ಕಣೋ."

ಆದರೂ ಹನಾಲೆ ಬಲೆಯನ್ನು ಸರಿಸಿ, ಗಿಟಾರನ್ನು ತೊಡೆಗೆ ಎಳೆದುಕೊಂಡ. ಆರು ತಂತಿ ಚಕಚಕನೆ ಕೂಡಿದವು. ಏಳನೆಯದನ್ನು ಹಿಡಿದು ಒಂದೊಂದೇ ಕೂದಲೆಳೆಯಷ್ಟು ಏರಿಸಿದ.

"ಇದಾ?"

"ಅಲ್ಲ."

"ಇನ್ನೂ ಸ್ವಲ್ಪ ಮೇಲಾ?"

"ಇರಬೋದು... ಅಲ್ಲ, ಅಲ್ಲ."

"ಆಗ ನೀನು ನುಡಿಸಿದ್ರೆ ನಂಗೆ ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಗ್ತಿತ್ತಣ್ಣ" ಎಂದಳು ಲಿಲಿನೋಯೆ. "ಇದು ಚರ್ಚಿನ ಹಾಡಿನ ಹಾಗಿದೆ."

ಅವಳು ಹೇಳಿದ್ದು ನಿಜವಾಗಿತ್ತು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಎಂಟನೆಯ ತಂತಿ ಕಿತ್ತೇ ಹೋಯಿತು. ಎನೋಕನಿಗೆ ಅಳು ಬಂತು, ಮುಚ್ಚಿಡಲಿಲ್ಲ. ಹೆಂಡತಿ ಸತ್ತವನ ಮನೆಗೆ ಊರವರು ಬಂದು ಕೂರುತ್ತಾರೆ. ತನ್ನ ಬಳಿ ಯಾರು ಬಂದು ಕೂತಾರು? ಸತ್ತದ್ದು ಏನೆಂದೇ ಯಾರಿಗೂ ಗೊತ್ತಿಲ್ಲ.

"ಇಪ್ಪತ್ತೆರಡು ವರ್ಷ ಮಗ್ಗುಲಲ್ಲೇ ಇದ್ಯಲ್ಲೋ" ಎಂದ ಎನೋಕ. "ಒಂದು ದಿನಾನಾದ್ರೂ ಓರೆಗಣ್ಣಲ್ಲಿ ನೋಡ್ಬಾರ್ದಿತ್ತಾ?"

"ನೀನು ತಿರುಪಿಗೆ ಕೈ ಹಾಕ್ದಾಗೆಲ್ಲ ನಾನು ಎದ್ದು ಹೊರಗೆ ಹೋಗ್ತಿದ್ದೆ. ನೆನಪಿಲ್ವಾ?"

"ನೆನಪಿದೆ. ಸಿಗರೇಟು ಸೇದೋಕೆ."

ಹನಾಲೆ ಗಿಟಾರನ್ನು ಮೆಲ್ಲಗೆ ಅವನ ತೊಡೆಯ ಮೇಲೆ ಮಲಗಿಸಿದ.

"ನಾನು ಹುಟ್ಟಿದಾಗಿಂದ ಒಂದು ಸಿಗರೇಟೂ ಸೇದಿದೋನಲ್ಲ, ಎನೋಕ."